ಕಂಡದ್ದು ದಾಟಬೇಕು: ಗದಾಯುದ್ಧ, ಮಿದುಳಿನ ಸೇತುವೆ ಮತ್ತು ಓದಲಾರದ ಮುತ್ಯಾ

ಕಳೆದ ವರ್ಷ ರನ್ನನ ಮೇಲೆ ನಡೆದ ವಿಚಾರ ಸಂಕಿರಣವೊಂದರಲ್ಲಿ ಹಿರಿಯರೊಬ್ಬರು ಮಾತಾಡುತ್ತ, ರನ್ನ ‘ಅಜಿತ ಪುರಾಣ’ವನ್ನು ಎಡ ಮಿದುಳಿನಿಂದ ಬರೆದ, ‘ಗದಾಯುದ್ಧ’ವನ್ನು ಬಲ ಮಿದುಳಿನಿಂದ ಬರೆದ ಎಂದರು. ಮೊದಲನೆಯದು ಶಾಸ್ತ್ರ, ಚೌಕಟ್ಟು, ಧರ್ಮದ ಲೆಕ್ಕಾಚಾರ. ಎರಡನೆಯದು ಭಾವ, ಚಿತ್ರ, ಆವೇಶ. ಸಭೆ ಚಪ್ಪಾಳೆ ತಟ್ಟಿತು. ಚಹಾದ ವಿರಾಮದಲ್ಲಿ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಆ ಮಾತನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುವಂಥ ಮಾತೇ ಅದು. ನಾನು ಮಾತ್ರ ನನ್ನ ಮುತ್ಯಾನನ್ನು ನೆನೆಯುತ್ತ ಕೂತಿದ್ದೆ. ಈ ಬರಹ ಅಲ್ಲಿ ಎದ್ದು ನಿಂತು ಕೇಳಲಾಗದ ಪ್ರಶ್ನೆ.

ಎಡ ಎಂದರೆ ತರ್ಕ, ಬಲ ಎಂದರೆ ಕಾವ್ಯ ಎಂಬ ಈ ವಿಂಗಡಣೆ ಎಲ್ಲಿಂದ ಬಂತು? 1960ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ, ಅವರ ಶಿಷ್ಯ ಮೈಕೆಲ್ ಗಜಾನಿಗ ಮುಂತಾದವರು ಕೆಲವು ರೋಗಿಗಳನ್ನು ಪರೀಕ್ಷಿಸಿದರು. ತೀವ್ರವಾದ ಮೂರ್ಛೆರೋಗವನ್ನು ಹತೋಟಿಗೆ ತರಲು ಆ ರೋಗಿಗಳ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ಪಟ್ಟಿಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಲಾಗಿತ್ತು. ಕಾರ್ಪಸ್ ಕೆಲೋಸಮ್ ಎಂದು ಕರೆಯುವ ಆ ಪಟ್ಟಿಯಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಕತ್ತರಿಸಿದ ಮೇಲೆ ಎರಡು ಅರ್ಧಗಳೂ ಬೇರೆ ಬೇರೆಯಾಗಿ ಕೆಲಸ ಮಾಡುವುದು ಕಂಡಿತು. ಮಾತಿನ ಶಕ್ತಿ ಹೆಚ್ಚಾಗಿ ಎಡದಲ್ಲಿ, ಆಕಾರ ಮತ್ತು ಸ್ಥಳದ ಕೆಲವು ಕೌಶಲಗಳು ಬಲದಲ್ಲಿ ಹೆಚ್ಚು. 1981ರಲ್ಲಿ ಸ್ಪೆರಿಗೆ ನೊಬೆಲ್ ಬಂತು. ಜನಪ್ರಿಯ ಪುಸ್ತಕಗಳು ಈ ಸೂಕ್ಷ್ಮ ಸಂಗತಿಯನ್ನು ಹಿಡಿದು ಮನುಷ್ಯರನ್ನೇ ಎಡ ಮಿದುಳಿನವರು, ಬಲ ಮಿದುಳಿನವರು ಎಂದು ಎರಡು ಪಂಗಡ ಮಾಡಿಬಿಟ್ಟವು. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನುಗಳನ್ನು ನೋಡಿ, ಹಾಗೆ ಒಂದೇ ಕಡೆಗೆ ವಾಲಿದ ಮಿದುಳಿನ ಜನರು ತಮಗೆ ಸಿಗಲಿಲ್ಲ ಎಂದರು. ನಮ್ಮ ಸಂಕಿರಣಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನನಗಿರುವ ತಕರಾರು ವಿಜ್ಞಾನ ತಪ್ಪಾಯಿತು ಎಂಬುದಷ್ಟೇ ಅಲ್ಲ. ಆ ಪ್ರಯೋಗಗಳು ತೋರಿಸಿದ ದೊಡ್ಡ ಸಂಗತಿ ನಡುವಿನ ಸೇತುವೆಯದ್ದು. ನಾವು ಎರಡು ದಂಡೆಗಳನ್ನು ಇಟ್ಟುಕೊಂಡು ಸೇತುವೆಯನ್ನು ಬಿಟ್ಟೆವು. ಅದನ್ನು ಬಿಟ್ಟರೆ ಓದು ಎನ್ನುವುದೇ ಇಲ್ಲ ಎಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ.

ನಮ್ಮದು ರನ್ನ ಬೆಳಗಲಿ, ಮುಧೋಳ ತಾಲೂಕು. ಊರ ಹೆಸರಿನಲ್ಲೇ ಕವಿ ಇದ್ದಾನೆ. ರನ್ನ ಹುಟ್ಟಿದ್ದು ಮುದುವೊಳಲು, ಅಂದರೆ ಮುಧೋಳ ಎಂದು ಪಠ್ಯಪುಸ್ತಕ ಹೇಳುತ್ತದೆ. ಬೆಳಗಲಿಯವರು ಅವನು ನಮ್ಮವನು ಎನ್ನುತ್ತಾರೆ. ಈ ಜಗಳದಲ್ಲಿ ನಾನು ಸಂಶೋಧಕಿಯಾಗಿ ಸುಮ್ಮನಿರುತ್ತೇನೆ, ಊರಿಗೆ ಹೋದಾಗ ಮಾತ್ರ ಊರವರ ಪಕ್ಷ. ಮುತ್ಯಾ, ಅಂದರೆ ನನ್ನ ತಂದೆಯ ತಂದೆ, ಕನ್ನಡ ಶಾಲೆಯ ಮಾಸ್ತರರಾಗಿದ್ದು ನಿವೃತ್ತರಾದವರು. ಬಳೆಗಾರರ ಮನೆಯ ಹುಡುಗ ಚಕ್ರವರ್ತಿಯ ಆಸ್ಥಾನಕ್ಕೆ ಕವಿಯಾಗಿ ಹೋದ ಕತೆಯನ್ನು ಅವರು ಪ್ರತಿ ವರ್ಷ ಹೊಸ ಹುಡುಗರಿಗೆ ಹೊಸದಾಗಿ ಹೇಳುತ್ತಿದ್ದರಂತೆ. ಗದಾಯುದ್ಧದ ಹಲವಾರು ಪದ್ಯಗಳು ಅವರಿಗೆ ಕಂಠಪಾಠ. ನಾನು ಕನ್ನಡ ಎಂ.ಎ. ಸೇರಿದ್ದಕ್ಕೆ ಮನೆಯಲ್ಲಿ ಖುಷಿಪಟ್ಟವರು ಅವರೊಬ್ಬರೇ.

ನಾನು ಧಾರವಾಡದಲ್ಲಿ ಮೊದಲ ವರ್ಷದ ಎಂ.ಎ. ಓದುತ್ತಿದ್ದಾಗ ಒಂದು ಮುಂಜಾನೆ ಅವರಿಗೆ ಪೇಪರ್ ಓದಲು ಬರಲಿಲ್ಲ. ಕೈಕಾಲು ಸೆಟೆದಿರಲಿಲ್ಲ, ಬಾಯಿ ಸೊಟ್ಟಗಾಗಿರಲಿಲ್ಲ, ಮಾತು ಸರಿಯಾಗಿಯೇ ಇತ್ತು. ಚಷ್ಮಾ ಹಳೆಯದಾಗಿದೆ ಎಂದುಕೊಂಡು ಹೊಸದು ಹಾಕಿಸಿದರು. ಅದೂ ಆಗಲಿಲ್ಲ, ಇನ್ನೊಂದು ಹಾಕಿಸಿದರು. ಬಲಗಡೆ ಇಟ್ಟ ತಾಟನ್ನು ಅವರು ಆಗಾಗ ತಳ್ಳಿಬಿಡುತ್ತಿದ್ದರು. ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು.

ವಿಚಿತ್ರವೆಂದರೆ ಅವರು ಬರೆಯುತ್ತಿದ್ದರು. ಮೊದಲಿನ ಹಾಗೆಯೇ ದುಂಡನೆಯ ಅಕ್ಷರ. ನನಗೊಂದು ಪತ್ರವನ್ನೂ ಬರೆದಿದ್ದರು: ಕಬ್ಬು ಕಡಿದಾಯಿತು, ಎಮ್ಮೆ ಈದಿದೆ, ಓದು ಬಿಡಬೇಡ. ರಜೆಗೆ ಹೋದಾಗ ಅದೇ ಪತ್ರವನ್ನು ಅವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು.

“ಯಾರ ಬರದಾರ ಇದನ್ನ, ಯವ್ವಾ? ಅಕ್ಷರ ಚೊಲೊ ಅದಾವ.”

“ನೀವಽ ಬರದೀರಲ್ಲ ಮುತ್ಯಾ.”

“ಕನ್ನಡ ಐತಿ ಅನ್ನೂದು ಗೊತ್ತಾಗತೈತಿ. ಏನೈತಿ ಅನ್ನೂದು ಗೊತ್ತಾಗವಲ್ದು.”

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ಅದೇ ಹೊತ್ತಿಗೆ ಮನೆಯಲ್ಲಿ ವಾಟ್ನಿಯ ಮಾತು ನಡೆದಿತ್ತು. ಅಪ್ಪ ಮತ್ತು ಕಾಕಾ ಹೊಲ ಹಂಚಿಕೊಳ್ಳಬೇಕು, ಮುತ್ಯಾ ಕಾಗದ ಓದಿ ಸಹಿ ಮಾಡಬೇಕು. ಓದಲು ಬರುತ್ತಿಲ್ಲ ಎಂದು ಅವರು ಕೂತರು. ಬರೆಯಲು ಬರುತ್ತದೆ, ಓದಲು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯಲ್ಲಿ ಅಂಕಿಗಳನ್ನು ಅವರು ಸರಿಯಾಗಿ ಓದುತ್ತಿದ್ದರು, ಅದೇ ಚೀಟಿಯ ಮೇಲಿದ್ದ ತಮ್ಮ ಹೆಸರನ್ನು ಮಾತ್ರ ಓದುತ್ತಿರಲಿಲ್ಲ. ಮನೆಯಲ್ಲಿ ಹೆಚ್ಚು ಓದಿದವಳು ನಾನು. ನಾನೇ ಎಲ್ಲರಿಗೂ ವಿವರಣೆ ಕೊಟ್ಟೆ: ಮುತ್ಯಾಗೆ ಹೊಲ ಒಡೆಯುವುದು ಇಷ್ಟವಿಲ್ಲ, ಅದಕ್ಕೇ ಹೀಗೆ. ಬಹಳ ಒಪ್ಪವಾದ ವಿವರಣೆ. ಎಲ್ಲರೂ ಒಪ್ಪಿದರು. ಅದನ್ನು ಅವರು ಒಳಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಮರುದಿನ ಓದದೆಯೇ ಸಹಿ ಮಾಡಿದರು.

ತಿಂಗಳೊಪ್ಪತ್ತಿನ ನಂತರ ತಲೆತಿರುಗು ಎಂದು ತೋರಿಸಲು ಹೋದಾಗ ತಲೆಯ ಸ್ಕ್ಯಾನ್ ಆಯಿತು. ಎಳೆಯ ವಯಸ್ಸಿನ ವೈದ್ಯರೊಬ್ಬರು ಚೀಟಿಯ ಹಿಂದೆ ಚಿತ್ರ ಬಿಡಿಸಿ ನನಗೆ ಹೇಳಿದರು. ಅವರು ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎಡಗಣ್ಣು ಕಂಡದ್ದು ಬಲ ಮಿದುಳಿಗೆ, ಬಲಗಣ್ಣು ಕಂಡದ್ದು ಎಡ ಮಿದುಳಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಎರಡೂ ಕಣ್ಣುಗಳಿಂದ ಬಂದ ನರಗಳು ದಾರಿಯಲ್ಲಿ ಒಂದು ಕಡೆ ಸೇರಿ, ಅರ್ಧರ್ಧ ತಂತುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆದ್ದರಿಂದ ನಮ್ಮ ನೋಟದ ಎಡ ಅರ್ಧದಲ್ಲಿ ಇರುವುದೆಲ್ಲ, ಎರಡೂ ಕಣ್ಣುಗಳಿಂದ, ಬಲ ಮಿದುಳಿನ ಹಿಂಭಾಗಕ್ಕೆ ಹೋಗುತ್ತದೆ. ಬಲ ಅರ್ಧದ್ದು ಎಡ ಮಿದುಳಿಗೆ. ಈಗ ನೀವು ಈ ಸಾಲನ್ನು ಓದುತ್ತಿರುವಾಗಲೂ, ಕಣ್ಣು ನೆಟ್ಟ ಜಾಗದ ಎಡಕ್ಕಿರುವ ಅಕ್ಷರಗಳು ಮೊದಲು ಬಲ ಮಿದುಳಿಗೆ ಮುಟ್ಟುತ್ತಿವೆ. ಆದರೆ ಅಕ್ಷರದ ಆಕಾರವನ್ನು ಅಕ್ಷರವೆಂದು ಗುರುತಿಸಿ ಮಾತಿಗೆ ಜೋಡಿಸುವ ಜಾಗ ಬಹುತೇಕ ಜನರಲ್ಲಿ ಎಡಗಡೆ ಇದೆ. ಹಾಗಾಗಿ ಎಡದ ಅಕ್ಷರಗಳು ಬಲ ಮಿದುಳಿನಿಂದ ಎಡಕ್ಕೆ ದಾಟಲೇಬೇಕು. ಆ ದಾಟುವಿಕೆ ಕಾರ್ಪಸ್ ಕೆಲೋಸಮ್ಮಿನ ಹಿಂತುದಿಯ ಮೂಲಕ. ಆರೋಗ್ಯವಂತರಲ್ಲಿ ಇದಕ್ಕೆ ಕೆಲವೇ ಮಿಲಿಸೆಕೆಂಡು ಸಾಕು, ಆದ್ದರಿಂದ ಹೀಗೊಂದು ಸೇತುವೆ ಇದೆ ಎಂದು ನಮಗೆ ಅನ್ನಿಸುವುದೇ ಇಲ್ಲ.

ಮುತ್ಯಾಗೆ ಆದದ್ದು ಸಣ್ಣ ಪಾರ್ಶ್ವವಾಯು. ರಕ್ತನಾಳವೊಂದು ಕಟ್ಟಿಕೊಂಡು ಎಡ ಮಿದುಳಿನ ಹಿಂಭಾಗದ ನೋಟದ ಜಾಗವೂ ಆ ಸೇತುವೆಯ ಹಿಂತುದಿಯೂ ಕೆಟ್ಟಿದ್ದವು. ಬಲ ಅರ್ಧದ ನೋಟ ಹೋಯಿತು. ತಾಟು ಬೀಳುತ್ತಿದ್ದುದು ಅದಕ್ಕೆ. ಉಳಿದ ಎಡ ಅರ್ಧದ ನೋಟ ಬಲ ಮಿದುಳಿಗೆ ಸ್ಪಷ್ಟವಾಗಿಯೇ ತಲುಪುತ್ತಿತ್ತು, ಅಲ್ಲಿಂದ ಅಕ್ಷರದ ಜಾಗಕ್ಕೆ ದಾಟುತ್ತಿರಲಿಲ್ಲ. ಭಾಷೆ, ಅಕ್ಷರದ ನೆನಪು, ಬಲಗೈಯನ್ನು ನಡೆಸುವ ಶಕ್ತಿ ಎಲ್ಲವೂ ಎಡಗಡೆ ಭದ್ರವಾಗಿದ್ದವು. ಆದ್ದರಿಂದ ಬರೆಯುವುದಕ್ಕೆ ತೊಂದರೆ ಇರಲಿಲ್ಲ. ಘಟಪ್ರಭೆ ತುಂಬಿದಾಗ ಮುಧೋಳದ ಹತ್ತಿರದ ಯಾದವಾಡ ಸೇತುವೆ ಮುಳುಗುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಈ ದಂಡೆಯಲ್ಲಿ ಜನ ಇದ್ದಾರೆ, ಆ ದಂಡೆಯಲ್ಲಿ ಪೇಟೆ ಇದೆ, ಹೋಗಲಾಗುವುದಿಲ್ಲ. ಅದನ್ನೇ ವೈದ್ಯರಿಗೆ ಹೇಳಿದೆ. ಅವರು ನಕ್ಕು, ಹೌದು ಅಷ್ಟೇ, ಎಂದರು.

ಈ ಸ್ಥಿತಿಯನ್ನು ಮೊದಲು ಸರಿಯಾಗಿ ವಿವರಿಸಿದವರು ಫ್ರಾನ್ಸಿನ ಜೂಲ್ ದೆಜೆರಿನ್, 1892ರಲ್ಲಿ. ಅವರ ರೋಗಿ ಪ್ಯಾರಿಸ್ಸಿನ ಒಬ್ಬ ನಿವೃತ್ತ ಬಟ್ಟೆ ವ್ಯಾಪಾರಿ, ಒಳ್ಳೆಯ ಓದುಗ. 1887ರಲ್ಲಿ ಒಂದು ದಿನ ಅವನಿಗೆ ಓದಲು ಬರಲಿಲ್ಲ. ಅವನೂ ಕಣ್ಣಿನದೇ ದೋಷ ಎಂದುಕೊಂಡು ಮೊದಲು ಕಣ್ಣಿನ ವೈದ್ಯರ ಬಳಿ ಹೋದ. ಅವನೂ ಬರೆಯುತ್ತಿದ್ದ, ಅವನಿಗೂ ಅಂಕಿಗಳು ಗೊತ್ತಾಗುತ್ತಿದ್ದವು. ನಾಲ್ಕು ವರ್ಷ ಹಾಗೆಯೇ ಬದುಕಿ, ಎರಡನೆಯ ಆಘಾತದಲ್ಲಿ ಬರವಣಿಗೆಯನ್ನೂ ಕಳೆದುಕೊಂಡು ತೀರಿಕೊಂಡ. ಶವಪರೀಕ್ಷೆಯಲ್ಲಿ ದೆಜೆರಿನ್ ಕಂಡದ್ದು ಎಡ ಹಿಂಭಾಗದ ಮತ್ತು ಸೇತುವೆಯ ಹಿಂತುದಿಯ ಹಳೆಯ ಗಾಯ. ಮುತ್ಯಾನ ಕಾಯಿಲೆಗೆ ನೂರು ವರ್ಷಕ್ಕಿಂತ ಹಳೆಯ ವಂಶವೃಕ್ಷ ಇದೆ ಎಂದು ತಿಳಿದ ದಿನ ನಾನು ಗ್ರಂಥಾಲಯದಲ್ಲಿ ಅತ್ತೆ. ನಮ್ಮ ಮನೆಯಲ್ಲಿ ಅದು ನಾಟಕವಾಗಿತ್ತು.

ಕನ್ನಡದಲ್ಲೂ ಇದರ ದಾಖಲೆ ಇದೆ. ಪ್ರತಿಭಾ ಕಾರಂತ್ ಅವರು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಒಬ್ಬರಲ್ಲಿ ಇದೇ ತೊಂದರೆಯನ್ನು ಅಭ್ಯಾಸ ಮಾಡಿ 1981ರಲ್ಲಿ ‘ಕಾರ್ಟೆಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಓದಿನ ಬಗೆಗಿನ ಸಿದ್ಧಾಂತಗಳೆಲ್ಲ ರೋಮನ್ ಲಿಪಿಯ ಓದುಗರ ಮೇಲೆ ನಿಂತಿದ್ದ ಕಾಲ ಅದು. ನಮ್ಮ ಲಿಪಿಯ ಸ್ವಭಾವವೇ ಬೇರೆ. ವ್ಯಂಜನಕ್ಕೆ ಗುಣಿತ ಅಂಟಿಕೊಳ್ಳುತ್ತದೆ, ಕೆಳಗೆ ಒತ್ತಕ್ಷರ ತೂಗುತ್ತದೆ, ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಹಿಂದೆ ಕೂರುತ್ತದೆ. ಐವತ್ತರ ಆಸುಪಾಸಿನ ಅಕ್ಷರಗಳು ಸೇರಿ ನೂರಾರು ಆಕಾರಗಳಾಗುತ್ತವೆ. ಕನ್ನಡ ವಿಭಾಗಗಳಲ್ಲಿ ನಾವು ಛಂದಸ್ಸನ್ನು, ಲಿಪಿಯ ವಿಕಾಸವನ್ನು ಕಲಿಸುತ್ತೇವೆ. ಕನ್ನಡವನ್ನು ಓದುವುದು ಎಂದರೇನು ಎಂದು ಕೇಳಿದ ಈ ಕೆಲಸವನ್ನು ನನ್ನ ಎಂ.ಎ.ಯ ಎರಡು ವರ್ಷಗಳಲ್ಲಿ ಯಾರೂ ಹೆಸರಿಸಲಿಲ್ಲ. ಅದು ಬೇರೆ ಕಟ್ಟಡದ ವಿಷಯ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಕೊಲಂಬಿಯಾದಲ್ಲಿ ಕಾಡಿನಿಂದ ಶಸ್ತ್ರ ಕೆಳಗಿಟ್ಟು ಊರಿಗೆ ಬಂದ ಗೆರಿಲ್ಲಾಗಳು ದೊಡ್ಡವರಾದ ಮೇಲೆ ಓದಲು ಕಲಿತರು. ಅವರ ಮಿದುಳನ್ನು ಓದು ಕಲಿಯದ ಸಂಗಾತಿಗಳ ಮಿದುಳಿನೊಂದಿಗೆ ಹೋಲಿಸಿ 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಓದು ಕಲಿತವರಲ್ಲಿ ಸೇತುವೆಯ ಹಿಂತುದಿ, ಮುತ್ಯಾಗೆ ಕೆಟ್ಟಿತ್ತಲ್ಲ ಅದೇ ಜಾಗ, ಹೆಚ್ಚು ಗಟ್ಟಿಯಾಗಿತ್ತು. ಅಂದರೆ ಅಕ್ಷರ ಕಲಿಯುವವರು ಈ ಸೇತುವೆಯನ್ನು ದಿನದಿನವೂ ತಮ್ಮೊಳಗೆ ಬಲಪಡಿಸಿಕೊಳ್ಳುತ್ತಾರೆ. ಮುತ್ಯಾ 34 ವರ್ಷ ಹುಡುಗರ ತಲೆಯಲ್ಲಿ ಈ ಕೆಲಸ ಮಾಡಿದ್ದರು.

ಈಗ ರನ್ನನಿಗೆ ಬರುತ್ತೇನೆ. ಸಾವಿರ ವರ್ಷದ ಹಿಂದೆಯೇ ರನ್ನನಿಗೆ ನರವಿಜ್ಞಾನ ಗೊತ್ತಿತ್ತು ಎಂದು ಯಾರಾದರೂ ವಾಟ್ಸಾಪಿನಲ್ಲಿ ಹಾಕುವ ಮೊದಲೇ ಹೇಳಿಬಿಡುತ್ತೇನೆ: ಗೊತ್ತಿರಲಿಲ್ಲ. ನಾನು ಹೇಳಹೊರಟದ್ದು ಅದಲ್ಲ. ಮುತ್ಯಾನ ಕಾಯಿಲೆಯ ನಂತರ ನಾನು ಗದಾಯುದ್ಧವನ್ನು ಬೇರೆ ರೀತಿ ಓದತೊಡಗಿದೆ. ಕಾಣುವುದು ಮತ್ತು ನುಡಿಯುವುದು ಒಂದೇ ಕೆಲಸ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅವೆರಡೂ ಬೇರೆ ಎಂದು ತಿಳಿದ ಮೇಲೆ ಕಾವ್ಯದಲ್ಲಿ ಅವುಗಳ ನಡುವಿನ ದಾರಿ ಕಾಣತೊಡಗಿತು.

ಮಹಾಭಾರತದಲ್ಲಿ ಯುದ್ಧವನ್ನು ಕಾಣಬಲ್ಲವನು ಸಂಜಯ, ಅದಕ್ಕೆ ಹೊಣೆಯಾದವನು ಧೃತರಾಷ್ಟ್ರ. ರಾಜ ಕುರುಡ, ಅವನಿಗೆ ಯುದ್ಧ ಬರಿಯ ಮಾತಾಗಿ ತಲುಪುತ್ತದೆ. ಹದಿನೆಂಟು ದಿನವೂ ಒಬ್ಬನ ನೋಟ ಇನ್ನೊಬ್ಬನ ಕಿವಿಗೆ ದಾಟುತ್ತ ಇರುತ್ತದೆ. ರನ್ನನ ಕಾವ್ಯ ಈ ಹದಿನೆಂಟು ದಿನಗಳ ಕೊನೆಯಲ್ಲಿ ಶುರುವಾಗುತ್ತದೆ. ಹತ್ತು ಆಶ್ವಾಸಗಳಲ್ಲಿ ಒಂದೇ ದಿನದ ಕತೆ. ಉಳಿದ ಭಾರತವೆಲ್ಲ ಹಿಂತಿರುಗಿ ನೋಡುವ ಸಿಂಹಾವಲೋಕನದಲ್ಲಿ ಬರುತ್ತದೆ. ಇಲ್ಲಿ ರನ್ನ ಸಂಜಯನನ್ನು ಯಾರ ಜೊತೆ ನಡೆಸುತ್ತಾನೆ ನೋಡಿ. ಕುರುಡ ತಂದೆಗೆ ಕಣ್ಣಾಗಿದ್ದವನು ಈಗ ಕಣ್ಣಿರುವ ಮಗನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ.

ಈ ನಡಿಗೆಯನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ‘ದುರ್ಯೋಧನ ವಿಲಾಪ’ ಎಂದು ಹೆಸರಿಟ್ಟು ಕರುಣರಸದ ಉದಾಹರಣೆಯಾಗಿ ಮುಗಿಸುತ್ತದೆ. ಆದರೆ ವಿಲಾಪಕ್ಕೆ ಕಾರಣವಾದ ಸುದ್ದಿ ಅವನಿಗೆ ಹೊಸದಲ್ಲ. ದ್ರೋಣ ಸತ್ತದ್ದು ಗೊತ್ತು. ಮಗ ಲಕ್ಷಣಕುಮಾರ ಸತ್ತದ್ದು, ದುಶ್ಶಾಸನ ಸತ್ತದ್ದು, ಕರ್ಣ ಸತ್ತದ್ದು ಗೊತ್ತು. ಸೈನ್ಯದ ಲೆಕ್ಕವಾಗಿ, ಮುಂದಿನ ಸೇನಾಪತಿ ಯಾರು ಎಂಬ ಪ್ರಶ್ನೆಯಾಗಿ ಇವೆಲ್ಲ ಅವನ ಬಳಿ ಇದ್ದವು. ಭೀಷ್ಮನ ಬಳಿಗೆ ಹೋಗುವ ದಾರಿಯಲ್ಲಿ ಒಂದೊಂದು ಹೆಣದ ಮುಂದೆ ನಿಂತಾಗಲೇ ಆ ಸಾವು ಅವನ ಬಾಯಿಗೆ ಬರುತ್ತದೆ. ಕಾಣುತ್ತಾನೆ, ನಿಲ್ಲುತ್ತಾನೆ, ಆಮೇಲೆ ನುಡಿಯುತ್ತಾನೆ. ಆ ನಿಲ್ಲುವ ಗಳಿಗೆಯೇ ಈ ಭಾಗದ ಜೀವ ಎಂದು ನನ್ನ ಅನಿಸಿಕೆ. ಅಭಿಮನ್ಯುವಿನ ಹೆಣದ ಮುಂದೆ ಇದು ಅತ್ಯಂತ ಸ್ಪಷ್ಟ. ಶತ್ರುವಿನ ಮಗ ಅವನು, ದುರ್ಯೋಧನನ ಕಡೆಯವರೇ ಸುತ್ತುವರಿದು ಕೊಂದದ್ದು. ಯುದ್ಧದ ಲೆಕ್ಕದಲ್ಲಿ ಅದು ಲಾಭದ ಸಾವು. ಕಣ್ಣಿಗೆ ಬಿದ್ದ ಮೇಲೆ ಆ ಲೆಕ್ಕ ನಿಲ್ಲುವುದಿಲ್ಲ. ಆ ಹುಡುಗನಿಗೆ ಕೈಮುಗಿಯುವ ಮಾತಾಡುತ್ತಾನೆ, ಅಂಥ ಸಾವಿನಲ್ಲಿ ಒಂದು ಪಾಲಾದರೂ ತನಗೆ ಸಿಗಲಿ ಎಂದು ಬಯಸುತ್ತಾನೆ. ಇದನ್ನು ದುರ್ಯೋಧನನ ಉದಾತ್ತತೆ ಎಂದು ಬರೆದು ಬರೆದು ನಾವು ಸವೆಸಿದ್ದೇವೆ. ಅವನು ಅದಕ್ಕೆ ಮೊದಲು ಉದಾತ್ತನಾಗಿರಲಿಲ್ಲವೇ ಎಂದು ಯಾರೂ ಕೇಳುವುದಿಲ್ಲ. ನನಗೆ ಕಾಣುವುದು ಇಷ್ಟು: ಅವನೊಳಗೆ ಒಂದು ದಂಡೆಯಲ್ಲಿ ಇದ್ದದ್ದು ಆ ಗಳಿಗೆಯಲ್ಲಿ ಇನ್ನೊಂದು ದಂಡೆಗೆ ದಾಟಿತು.

ವೈಶಂಪಾಯನ ಸರೋವರದ ಪ್ರಸಂಗಕ್ಕೆ ಬನ್ನಿ. ಕನ್ನಡ ಓದಿದ ಎಲ್ಲರಿಗೂ ಗೊತ್ತಿರುವ ಚಿತ್ರ: ದಂಡೆಯಲ್ಲಿ ಭೀಮನ ಗರ್ಜನೆ, ನೀರೊಳಗೆ ಅಡಗಿದ ದುರ್ಯೋಧನ, ನೀರಿನಲ್ಲಿದ್ದೂ ಅವನ ಮೈ ಬೆವರುತ್ತದೆ. ಅತಿಶಯೋಕ್ತಿಯ ಸೊಗಸು ಎಂದು ಮಾಸ್ತರರು ಹೇಳುತ್ತಾರೆ, ಸರಿ. ಆದರೆ ಒಂದು ಸರಳ ಪ್ರಶ್ನೆ ಕೇಳಿ: ಆ ಬೆವರನ್ನು ಕಂಡವರು ಯಾರು? ನೀರಿನೊಳಗಿನ ಬೆವರು ಯಾವ ಕಣ್ಣಿಗೂ ಕಾಣುವಂಥದ್ದಲ್ಲ. ದಂಡೆಯ ಮೇಲಿದ್ದ ಪಾಂಡವರಿಗೆ ಕಾಣದು, ಬಹುಶಃ ದುರ್ಯೋಧನನಿಗೂ ತಿಳಿಯದು. ಅದು ಕಿವಿಗೆ ಬಿದ್ದ ಶಬ್ದದಿಂದ ಹುಟ್ಟಿ ಓದುಗನ ಕಣ್ಣಿನಲ್ಲಿ ಮಾತ್ರ ಕಾಣುವ ಬೆವರು. ನಮ್ಮ ಕಾವ್ಯಮೀಮಾಂಸೆ ದೃಶ್ಯ, ಶ್ರವ್ಯ ಎಂದು ಕಾವ್ಯವನ್ನು ಎರಡು ಮಾಡಿದೆ. ರನ್ನನ ಚಿತ್ರ ಇವೆರಡರಲ್ಲಿ ಯಾವ ಒಂದು ಗೂಡಿನಲ್ಲೂ ಕೂರುವುದಿಲ್ಲ.

ಬಿ.ಎಂ.ಶ್ರೀ. ಅವರು 1926ರಲ್ಲಿ ಇದನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ತಂದರು. ರನ್ನನ ಕಾವ್ಯದಲ್ಲಿ ನಾಟಕ ಅಡಗಿದೆ ಎಂದು ತೋರಿಸಿದ್ದು ದೊಡ್ಡ ವಿಮರ್ಶೆಯೇ. ಆದರೂ ರಂಗದ ಮೇಲೆ ಆ ಬೆವರನ್ನು ಏನು ಮಾಡುತ್ತೀರಿ? ನಟನೊಬ್ಬ ಹಣೆ ಒರೆಸಿಕೊಳ್ಳಬಹುದು, ಅಷ್ಟೇ. ಕಾಣದ್ದನ್ನು ಕಾಣಿಸಲು ಅಲ್ಲಿ ಹೇಳುವವನೊಬ್ಬ ಬೇಕು. ರನ್ನನ ನಾಟಕೀಯತೆಯನ್ನು ಹೊಗಳುವಾಗ ನಾವು ಈ ಹೇಳುವವನನ್ನು ಮರೆತೆವು ಎಂದು ನನ್ನ ದೂರು.

ಹೇಳುವವನನ್ನು ಪೂರ್ತಿ ನಂಬಲೂ ಆಗದು. ಸ್ಪೆರಿಯ ಶಿಷ್ಯ ಗಜಾನಿಗ ಮತ್ತು ಜೋಸೆಫ್ ಲೆಡೂ 1970ರ ದಶಕದಲ್ಲಿ ಸೇತುವೆ ಕತ್ತರಿಸಿದ್ದ ಒಬ್ಬ ಹುಡುಗನಿಗೆ ಎರಡು ಚಿತ್ರ ತೋರಿಸಿದರು. ಎಡ ಮಿದುಳಿಗೆ ಕಂಡದ್ದು ಕೋಳಿಯ ಕಾಲು, ಬಲ ಮಿದುಳಿಗೆ ಕಂಡದ್ದು ಹಿಮ ತುಂಬಿದ ಅಂಗಳ. ಮುಂದೆ ಹರಡಿದ್ದ ಚಿತ್ರಗಳಲ್ಲಿ ಹೊಂದುವುದನ್ನು ತೋರಿಸು ಎಂದಾಗ ಒಂದು ಕೈ ಕೋಳಿಯನ್ನೂ ಇನ್ನೊಂದು ಕೈ ಸಲಿಕೆಯನ್ನೂ ತೋರಿಸಿತು. ಸಲಿಕೆ ಹಿಮ ಎತ್ತಲಿಕ್ಕೆ. ಯಾಕೆ ಹೀಗೆ ತೋರಿಸಿದೆ ಎಂದು ಕೇಳಿದರು. ಉತ್ತರಿಸಬೇಕಾದದ್ದು ಮಾತು ಬಲ್ಲ ಎಡ ಮಿದುಳು, ಅದು ಹಿಮವನ್ನು ಕಂಡೇ ಇಲ್ಲ. ಆದರೂ ಗೊತ್ತಿಲ್ಲ ಎನ್ನಲಿಲ್ಲ. ಕೋಳಿಯ ಕಾಲು ಕೋಳಿಗೆ ಸೇರಿದ್ದು, ಕೋಳಿಗೂಡು ಗುಡಿಸಲು ಸಲಿಕೆ ಬೇಕಲ್ಲ ಎಂದು ಥಟ್ಟನೆ ಹೇಳಿತು.

ಇದನ್ನು ಮೊದಲ ಸಲ ಓದಿದಾಗ ನಕ್ಕೆ. ಎರಡನೆಯ ಸಲ ನಗಲಾಗಲಿಲ್ಲ. ಒಳಕೋಣೆಯಲ್ಲಿ ಮುತ್ಯಾ ಕೂತಿದ್ದಾಗ ಹೊರಗೆ ನಾನು ಕೊಟ್ಟ ವಿವರಣೆ ಇದೇ ಜಾತಿಯದು. ಕಾಣದ್ದರ ಜಾಗದಲ್ಲಿ ಒಪ್ಪವಾದ ಕಾರಣ ಇಟ್ಟಿದ್ದೆ, ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ವಿಮರ್ಶೆ ಬರೆಯುವಾಗ ಎಷ್ಟು ಸಲ ಹೀಗೆ ಮಾಡಿದ್ದೇನೋ. ಪದ್ಯ ನನ್ನೊಳಗೆ ಎಲ್ಲೋ ತಾಗಿರುತ್ತದೆ, ಯಾಕೆ ಎಂದು ಕೇಳಿದರೆ ಕೈಗೆ ಸಿಕ್ಕ ಸಿದ್ಧಾಂತದ ಸಲಿಕೆ ಎತ್ತಿಕೊಳ್ಳುತ್ತೇನೆ. ಸಂಕಿರಣದ ಆ ಹಿರಿಯರ ಮೇಲೆ ನನಗೆ ಸಿಟ್ಟು ಉಳಿಯದಿರಲು ಇದೂ ಒಂದು ಕಾರಣ.

ಕಾಯಿಲೆ ಗೊತ್ತಾದ ಮೇಲೆ ಮುತ್ಯಾಗೆ ಓದುವ ದಾರಿಯೊಂದು ಸಿಕ್ಕಿತು. ಇಂಥ ರೋಗಿಗಳು ಅಕ್ಷರದ ಗೆರೆಯ ಮೇಲೆ ಬೆರಳಾಡಿಸಿ ಗುರುತಿಸಬಲ್ಲರು ಎಂದು ವೈದ್ಯರು ಹೇಳಿದ್ದರು. ಕಣ್ಣಿನ ದಾರಿ ಮುಚ್ಚಿದ್ದರೂ ಕೈಯ ಚಲನೆಯ ದಾರಿ ತೆರೆದಿರುತ್ತದೆ. ಸಂಜೆ ಕಟ್ಟೆಯ ಮೇಲೆ ಅವರು ಕಣ್ಣು ಮುಚ್ಚಿ ಬಲ ಅಂಗೈ ಚಾಚುತ್ತಿದ್ದರು, ನಾನು ಬೆರಳಿನಿಂದ ಬರೆಯುತ್ತಿದ್ದೆ. ಮೊದಲ ದಿನ ಬರೆದದ್ದು ‘ರನ್ನ’. “ರ… ನ… ತಡಿ ತಡಿ, ಕೆಳಗ ಒತ್ತು ಬಂತಲ್ಲ,” ಎಂದು ನಕ್ಕರು. ಅಂಗೈಯಲ್ಲಿ ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆಯುವುದನ್ನು ನಾನೂ ಕಲಿತೆ. ಬಲಗಡೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಅವರಿಗೆ ಮತ್ತೆ ಮತ್ತೆ ತಲೆ ತಿರುಗಿಸಿ ನೋಡುವ ಅಭ್ಯಾಸವನ್ನೂ ಹೇಳಿಕೊಟ್ಟಿದ್ದರು. ನಾಲ್ಕು ಹೆಜ್ಜೆ ನಡೆದು ನಿಂತು ಬಲಕ್ಕೆ ಹೊರಳಿ ನೋಡುತ್ತಿದ್ದರು. “ಸಿಂಹಾವಲೋಕನ ನಡದೈತಿ,” ಎಂದು ತಾವೇ ಚೇಷ್ಟೆ ಮಾಡಿಕೊಳ್ಳುತ್ತಿದ್ದರು.

ಮುತ್ಯಾ ತೀರಿಕೊಂಡ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಕೆತ್ತನೆ ಇದೆ. ರನ್ನನೇ ಕೆತ್ತಿದ ಹೆಸರು ಅದು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಆ ಹಳಗನ್ನಡ ಲಿಪಿಯನ್ನು ನಾನು ಕಣ್ಣಿನಿಂದ ಓದಲು ತಡಕಾಡಿದೆ. ಮುಟ್ಟಲಿಲ್ಲ, ದೂರದಿಂದ ಗಾಳಿಯಲ್ಲಿ ಬೆರಳಾಡಿಸಿದೆ. ಪಕ್ಕದಲ್ಲಿದ್ದ ಶಾಲೆಯ ಹುಡುಗನೊಬ್ಬ ವಿಚಿತ್ರವಾಗಿ ನೋಡಿದ.

ಕಾಯಿಲೆಯ ನಂತರದ ಮೂರು ವರ್ಷ ಅವರು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಗದಾಯುದ್ಧದ ಪದ್ಯಗಳನ್ನು ನೆನಪಿನಿಂದ ಬರೆಯುತ್ತಿದ್ದರು. ಬರೆದದ್ದನ್ನು ತಿರುಗಿ ಓದಲು ಬಾರದು, ತಿದ್ದಲು ಬಾರದು. ಹಲವು ಕಡೆ ಒಂದರ ಮೇಲೊಂದು ಸಾಲು ಹತ್ತಿದೆ, ಬಲ ಅಂಚಿನಲ್ಲಿ ಅಕ್ಷರಗಳು ಹಾಳೆಯಿಂದ ಹೊರಗೆ ಜಾರಿವೆ. ಅಜಿತ ಪುರಾಣ ಬರೆಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳೆಂದು ಹೇಳುತ್ತಾರಲ್ಲ, ಆ ಸಾವಿರ ಪ್ರತಿಗಳ ಲಿಪಿಕಾರರಲ್ಲಿ ಒಬ್ಬನಾದರೂ ಹೀಗಿದ್ದನೋ ಎಂದು ಆ ನೋಟ್‌ಬುಕ್ ಹಿಡಿದಾಗಲೆಲ್ಲ ಯೋಚನೆ ಬರುತ್ತದೆ.

ಪಿಎಚ್.ಡಿ.ಗಾಗಿ ಮುದ್ರಿತ ಪ್ರತಿಯ ಜೊತೆ ಈ ನೋಟ್‌ಬುಕ್ಕನ್ನು ಹೋಲಿಸಿದೆ. ಬಹುಪಾಲು ಸರಿಯಾಗಿದೆ. ಕರ್ಣನ ಹೆಣದ ಮುಂದೆ ದುರ್ಯೋಧನ ಆಡುವ ಮಾತುಗಳಲ್ಲಿ ಒಂದು ಕಡೆ ಮಾತ್ರ ಒಂದು ಪದ ಬೇರೆ ಇದೆ. ಛಂದಸ್ಸು ಕೆಡುವುದಿಲ್ಲ, ಅರ್ಥವೂ ಕೆಡುವುದಿಲ್ಲ, ಸ್ವಲ್ಪ ಹೊರಳುತ್ತದೆ. ಅದೇ ಪದ್ಯವನ್ನು ಮುತ್ಯಾ ನಾಲ್ಕು ಬೇರೆ ಪುಟಗಳಲ್ಲಿ ಬರೆದಿದ್ದಾರೆ, ನಾಲ್ಕರಲ್ಲೂ ಅದೇ ಪದ. ಲಿಪಿಕಾರನ ಸ್ಖಲನ ಎಂದು ಅಡಿಟಿಪ್ಪಣಿ ಹಾಕು ಎಂದರು ನನ್ನ ಮಾರ್ಗದರ್ಶಕರು. ಅವರ ಮಾಸ್ತರರ ಬಾಯಿಂದ ಕೇಳಿ ಕಲಿತ ಪಾಠಾಂತರ ಇದ್ದರೂ ಇರಬಹುದು ಎಂದೆ. ಆಧಾರ ಏನು ಎಂದು ಕೇಳಿದರು. ಅಡಿಟಿಪ್ಪಣಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಮುತ್ಯಾನ ಮಾಸ್ತರರ ಬಳಿ ಕಲಿತವರು ಬೆಳಗಲಿಯಲ್ಲಿ ಇನ್ನೂ ಇಬ್ಬರಿದ್ದಾರೆ, ಇಬ್ಬರಿಗೂ ತೊಂಬತ್ತರ ಹತ್ತಿರ. ಬರುವ ವಾರ ಊರಿಗೆ ಹೋಗಿ ಆ ಪದ್ಯವನ್ನು ಅವರ ಬಾಯಿಂದ ಹೇಳಿಸಬೇಕು.